ಹಣ್ಣಿನ ಉಪ್ಪಿನಕಾಯಿಗೆ ಹೂ: ಶ್ರಾವಕರ ಅಡುಗೆಮನೆಯಲ್ಲಿ ಯಾವುದು ಸಲ್ಲುತ್ತದೆ, ಯಾವುದು ಇಲ್ಲ

ಮಾವು, ಅನಾನಸ್, ನೆಲ್ಲಿ, ದ್ರಾಕ್ಷಿ ಮುಂತಾದ ಹಸಿ ಹಣ್ಣು-ಕಾಯಿಗಳ ಜೊತೆ ಹೂವಿನ ಎಸಳು ಸೇರಿಸಿ ಗಾಜಿನ ಬಾಟಲಿಯಲ್ಲಿ ಹಾಕಿಡುವ ಉಪ್ಪಿನಕಾಯಿ ಈಗ ಮೊಬೈಲ್ ವಿಡಿಯೋಗಳ ಮೂಲಕ ಎಲ್ಲರ ಮನೆಗೂ ಬಂದಿದೆ. ನೋಡಲು ಚೆಂದ, ಮಾಂಸವಿಲ್ಲ, ಮೊಟ್ಟೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಾಗಾಗಿ ಇದು ಜೈನರಿಗೂ ಆಗಬಹುದು ಎಂದು ಮನೆಯ ಕಿರಿಯರು ಮಾಡಿಟ್ಟರೆ, ವ್ರತ ಹಿಡಿದ ಹಿರಿಯರು ತಟ್ಟೆಯಿಂದ ಅದನ್ನು ಸರಿಸಿಬಿಡುತ್ತಾರೆ. ಮಾಡಿದವರಿಗೆ ಕಾರಣ ತಿಳಿಯುವುದಿಲ್ಲ, ಸರಿಸಿದವರು ಹೇಳುವುದೂ ಇಲ್ಲ. ಕಾರಣ ಒಂದಲ್ಲ. ಆ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ವಿನೆಗರ್, ಜೇನು, ಹಸಿ ಹೂವಿನ ಎಸಳು. ಇಡುವ ಅವಧಿ ವಾರಗಟ್ಟಲೆ. ಶ್ರಾವಕಾಚಾರದ ದೃಷ್ಟಿಯಲ್ಲಿ ಈ ನಾಲ್ಕೂ ಪ್ರಶ್ನೆಗೆ ಒಳಗಾಗುವಂಥವೇ. ಹಣ್ಣು, ಉಪ್ಪು, ಹುಳಿಗೆ ಮಾತ್ರ ತಕರಾರಿಲ್ಲ.

ಕರ್ನಾಟಕದಲ್ಲಿ ದಿಗಂಬರ ಮನೆತನಗಳೂ ಬೆಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ನೆಲೆಸಿದ ಶ್ವೇತಾಂಬರ ಕುಟುಂಬಗಳೂ ಇವೆ. ಎರಡೂ ಪರಂಪರೆಗಳಲ್ಲಿ ನಿಯಮದ ಲೆಕ್ಕ ಸ್ವಲ್ಪ ಬೇರೆಯಾದರೂ ಹಿಂದಿರುವ ತತ್ತ್ವ ಒಂದೇ. ಮನೆಯಲ್ಲಿ ಯಾರಾದರೂ ನಿಯಮ ತೆಗೆದುಕೊಂಡಿದ್ದರೆ, ಅದನ್ನು ಕೊಟ್ಟ ಮುನಿಗಳು ಅಥವಾ ಮಾತಾಜಿಯವರು ಹೇಳಿದ ಲೆಕ್ಕವೇ ಕೊನೆಯ ಮಾತು.

ಉಪ್ಪಿನಕಾಯಿ ಏಕೆ ಅಭಕ್ಷ್ಯ

ಶಾಸ್ತ್ರಗಳಲ್ಲಿ ಉಪ್ಪಿನಕಾಯಿಗೆ ‘ಸಂಧಾನ’ ಎಂಬ ಹೆಸರಿದೆ. ಶ್ವೇತಾಂಬರ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠವಾಗಿರುವ 22 ಅಭಕ್ಷ್ಯಗಳ ಪಟ್ಟಿಯಲ್ಲಿ ಅದೂ ಒಂದು. ದಿಗಂಬರ ಪರಂಪರೆಯಲ್ಲಿ 13ನೇ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಇದನ್ನು ಇರಿಸಿದ ಜಾಗ ಗಮನಿಸುವಂಥದು. ಸಂಧಾನ, ಎರಡು ದಿನ ಮೀರಿದ ಮೊಸರು-ಮಜ್ಜಿಗೆ, ಬೂಷ್ಟು ಹಿಡಿದ ಗಂಜಿ ಇವನ್ನು ಬಿಡಬೇಕೆಂದು ಅವರು ಹೇಳುವುದು ಮದ್ಯತ್ಯಾಗದ ಸಂದರ್ಭದಲ್ಲಿ. ಇವನ್ನು ಬಿಡದಿದ್ದರೆ ಮದ್ಯತ್ಯಾಗ ವ್ರತಕ್ಕೆ ಮಲಿನತೆ ತಟ್ಟುತ್ತದೆ ಎಂಬುದು ಅವರ ಅಭಿಪ್ರಾಯ. ಅಂದರೆ ಆಕ್ಷೇಪ ಖಾರಕ್ಕಲ್ಲ, ಎಣ್ಣೆಗಲ್ಲ, ರುಚಿಗೂ ಅಲ್ಲ. ಮುಚ್ಚಿಟ್ಟ ಪದಾರ್ಥ ಹುದುಗುವುದಕ್ಕೆ. ಬೂಷ್ಟು ಹಿಡಿದದ್ದಕ್ಕೆ ಅಲ್ಲಿ ಬಳಸಿರುವ ಸಂಸ್ಕೃತ ಪದ ‘ಪುಷ್ಪಿತ’, ಅಂದರೆ ಹೂ ಬಿಟ್ಟದ್ದು. ಗಂಜಿಯ ಮೇಲೆ ಬಿಳಿ ಪದರ ಕಟ್ಟಿದ್ದನ್ನು ನೋಡಿದವರಿಗೆ ಆ ಪದ ಎಷ್ಟು ಹೊಂದುತ್ತದೆಂದು ಗೊತ್ತಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಇದರ ಜೊತೆಗೇ ಇಟ್ಟುಕೊಳ್ಳಬೇಕು. ಸಚಿತ್ತ ವಸ್ತುವನ್ನು ಪ್ರಾಸುಕ ಮಾಡುವ ದಾರಿಗಳಾಗಿ ಪರಂಪರೆ ಹೇಳುವುದು ಒಣಗಿಸುವುದು, ಬೇಯಿಸುವುದು, ಕಾಯಿಸುವುದು, ಉಪ್ಪು-ಹುಳಿ ಬೆರೆಸುವುದು, ಅರೆಯುವುದು ಅಥವಾ ಕತ್ತರಿಸುವುದು. ಹೆಚ್ಚಿದ ಮಾವಿನಕಾಯಿಗೆ ಉಪ್ಪು-ಹುಳಿ ಚೆನ್ನಾಗಿ ಬೆರೆತರೆ ಅದು ಪ್ರಾಸುಕವಾಗುತ್ತದೆ. ಅದೇ ಉಪ್ಪು, ಅದೇ ಹುಳಿ, ಅದೇ ಕಾಯಿ ಮುಚ್ಚಿದ ಭರಣಿಯಲ್ಲಿ ದಿನಗಟ್ಟಲೆ ಕುಳಿತರೆ ಸಂಧಾನವಾಗುತ್ತದೆ. ಎರಡರ ನಡುವೆ ಇರುವುದು ಕಾಲ ಮಾತ್ರ. ಉಪ್ಪಿನಕಾಯಿಯನ್ನು ಪೂರ್ತಿ ಬಿಡಬೇಕೆ ಎಂದು ಕೇಳುವವರಿಗೆ ಉತ್ತರ ಇದರಲ್ಲೇ ಇದೆ.

ಕಾಲದ ಲೆಕ್ಕ

ದಿಗಂಬರ ಮನೆಗಳಲ್ಲಿ ಬಳಕೆಯಲ್ಲಿರುವ ಮರ್ಯಾದೆ ಪಟ್ಟಿಗಳಲ್ಲಿ ಉಪ್ಪಿನಕಾಯಿಗೆ ಸಾಮಾನ್ಯವಾಗಿ 24 ಗಂಟೆ ಇರುತ್ತದೆ. ಬೆಳಿಗ್ಗೆ ಹಾಕಿ ಸೂರ್ಯಾಸ್ತದೊಳಗೆ ಮುಗಿಸುವುದು ಎಲ್ಲಕ್ಕಿಂತ ಸರಳ. ಗಂಟೆ ಎಣಿಸುವ ಕೆಲಸವೇ ಉಳಿಯುವುದಿಲ್ಲ. ಶ್ವೇತಾಂಬರ ವಾಡಿಕೆಯಲ್ಲಿ ಹುಳಿಯಿರುವ ನಿಂಬೆ, ಮಾವಿನಂಥ ಉಪ್ಪಿನಕಾಯಿಗೆ ಮೂರು ದಿನದ ಲೆಕ್ಕವಿದೆ. ಹೋಳುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಬಳೆಯಂತೆ ಗಟ್ಟಿಯಾದ ಮೇಲೆ ಎಣ್ಣೆಯಲ್ಲಿ ಮುಳುಗಿಸಿದ್ದನ್ನು ಹೆಚ್ಚು ಕಾಲ ಬಳಸುವವರೂ ಇದ್ದಾರೆ. ಬಿಸಿಲು ತಾಗದ, ನೀರು ಉಳಿದ ಉಪ್ಪಿನಕಾಯಿಯನ್ನು ಅಲ್ಲಿಯೂ ಒಪ್ಪುವುದಿಲ್ಲ.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಿಡಿಮಾವನ್ನು ಉಪ್ಪುನೀರಿನ ಭರಣಿಯಲ್ಲಿ ಹಾಕಿ ವರ್ಷವಿಡೀ ಬಳಸುವ ಪದ್ಧತಿ ಎಲ್ಲ ಸಮುದಾಯಗಳಲ್ಲಿ ಬೆರೆತುಹೋಗಿದೆ. ನೆರೆಮನೆಯಲ್ಲಿ ಮಾಡಿದಂತೆ ಶ್ರಾವಕರ ಮನೆಯಲ್ಲೂ ಮಾಡುವುದುಂಟು. ಮೇಲಿನ ಲೆಕ್ಕ ಹಿಡಿದರೆ ಆ ಭರಣಿ ಸಂಧಾನವೇ. ಮನೆಯಲ್ಲಿ ಇಬ್ಬಗೆಯವರೂ ಇದ್ದಾಗ ಭರಣಿಯ ಸೌಟು, ಬಟ್ಟಲು ಬೇರೆ ಇಡುವುದು ಕನಿಷ್ಠ ಎಚ್ಚರಿಕೆ. ಆಹಾರದಾನಕ್ಕೆಂದು ಚೌಕ ಹಾಕುವ ದಿನ ಅದನ್ನು ಅಡುಗೆಮನೆಯಿಂದಲೇ ಹೊರಗಿಡುತ್ತಾರೆ.

ಕಾಯಿಯ ಜೊತೆ ಬೀಳುವ ಮಸಾಲೆಗೂ ತನ್ನದೇ ಕಾಲಮಿತಿ ಇದೆ ಎಂಬುದು ಅನೇಕರಿಗೆ ಮರೆತುಹೋಗುತ್ತದೆ. ಹಿಟ್ಟಿನಂತೆಯೇ ಪುಡಿ ಮಾಡಿದ ಮಸಾಲೆಗೂ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ ಎಂಬುದು ದಿಗಂಬರ ಲೆಕ್ಕ. ಬೆಳಿಗ್ಗೆ ಹಾಕಿದ ಉಪ್ಪಿನಕಾಯಿಗೆ ಮೂರು ತಿಂಗಳ ಹಿಂದಿನ ಖಾರದಪುಡಿ ಸುರಿದರೆ ತಾಜಾತನ ಹೆಸರಿಗಷ್ಟೇ. ಅಂಗಡಿಯ ಇಂಗಿನಲ್ಲಿ ಅಂಟಿನ ಜೊತೆ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುತ್ತಾರೆ; ಪೊಟ್ಟಣದ ಮೇಲೆಯೇ ಬರೆದಿರುತ್ತದೆ, ಓದಿ ನೋಡಬಹುದು. ವ್ರತಿಕರ ತಟ್ಟೆಗೆ ಹೋಗುವುದಾದರೆ ಇಂಗು ಬಿಟ್ಟರೂ ರುಚಿ ಕೆಡದು.

ಹೂವಿನ ವಿಚಾರ

ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಅಲ್ಪ ಫಲಕ್ಕಾಗಿ ಬಹು ಜೀವಘಾತ ಆಗುವ ವಸ್ತುಗಳನ್ನು ಬಿಡಬೇಕೆಂಬ ಮಾತು ಬರುತ್ತದೆ. ಅಲ್ಲಿ ಹೆಸರಿಸಿರುವವು ಮೂಲಂಗಿ, ಹಸಿ ಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆ. ಐದರಲ್ಲಿ ಎರಡು ಹೂಗಳು. ಕೇದಗೆಯ ಎಸಳುಗಳ ನಡುವೆ, ಬೇವಿನ ಹೂಗೊಂಚಲಿನೊಳಗೆ ಎಷ್ಟು ಸಣ್ಣ ಹುಳುಗಳಿರುತ್ತವೆ ಎಂಬುದನ್ನು ಬಿಳಿ ಬಟ್ಟೆಯ ಮೇಲೆ ಕೊಡವಿದರೆ ಯಾರಾದರೂ ನೋಡಬಹುದು. ತೊಳೆದರೆ ಅವು ಹೋಗುವುದಿಲ್ಲ, ಸಾಯುತ್ತವೆ. ತಿನ್ನಲು ಸಿಗುವುದು ಚಿಟಿಕೆಯಷ್ಟು, ಘಾತವಾಗುವುದು ಅನೇಕ ತ್ರಸಜೀವಗಳು. ಹೂಕೋಸನ್ನು ಬಿಡುವ ಮನೆಗಳಲ್ಲಿ ಹೇಳುವ ಕಾರಣವೂ ಇದೇ.

ಈ ಉಲ್ಲೇಖ ಇಂದಿನ ವಿಷಯಕ್ಕೆ ನೇರವಾಗಿ ಬಂದು ತಾಗುವುದು ಯುಗಾದಿಯಂದು. ತೆಲುಗು ನಾಡಿನ ಯುಗಾದಿ ಪಚ್ಚಡಿ ಎಂದರೆ ಮಾವಿನಕಾಯಿ, ಬೇವಿನ ಹೂ, ಹುಣಸೆ, ಬೆಲ್ಲ, ಉಪ್ಪು, ಖಾರ. ತಮಿಳು ಮನೆಗಳ ವರ್ಷದ ಮೊದಲ ದಿನದ ಮಾವಿನಕಾಯಿ ಪಚ್ಚಡಿಗೂ ಬೇವಿನ ಹೂ ಬೀಳುತ್ತದೆ. ನಮ್ಮ ಬೇವು-ಬೆಲ್ಲದಲ್ಲಿ ಅನೇಕರು ಎಲೆಯ ಜೊತೆ ಹೂವನ್ನೂ ಸೇರಿಸುತ್ತಾರೆ. ಹಸಿ ಹಣ್ಣಿಗೆ ಹೂ ಬೆರೆಸಿದ ಉಪ್ಪಿನಕಾಯಿ ಎಂಬುದು ವಿದೇಶಿ ಬಾಟಲಿಯಿಂದ ಬಂದದ್ದಲ್ಲ, ದಕ್ಷಿಣ ಭಾರತದ ಹಬ್ಬದ ತಟ್ಟೆಯಲ್ಲಿ ಮೊದಲಿನಿಂದಲೂ ಇದೆ. ಯುಗಾದಿ ಪಚ್ಚಡಿ ಆ ದಿನವೇ ಮಾಡಿ ಆ ದಿನವೇ ಮುಗಿಯುವುದರಿಂದ ಕಾಲದ ದೋಷವಿಲ್ಲ. ಉಳಿಯುವುದು ಹೂವಿನ ಪ್ರಶ್ನೆ ಒಂದೇ. ಹೂವನ್ನು ಬಿಟ್ಟು ಬೇವಿನ ಎಳೆ ಚಿಗುರನ್ನು ಒಂದೊಂದೇ ನೋಡಿ, ಒರೆಸಿ, ಬೆಲ್ಲದ ಜೊತೆ ಅರೆದು ಹಾಕಿದರೆ ಹಬ್ಬದ ಕಹಿಗೆ ಕೊರತೆಯಾಗದು. ತಮಿಳುನಾಡಿನ ಅಂಗಡಿಗಳಲ್ಲಿ ಒಣಗಿದ ಬೇವಿನ ಹೂ ಸಿಗುತ್ತದೆ. ಆದರೆ ಆ ಹೂ ಒಣಗುವ ಮೊದಲು ಯಾರೂ ಒಂದೊಂದಾಗಿ ನೋಡಿ ಆರಿಸಿರುವುದಿಲ್ಲ.

ಹೂವಿಗೆ ಇನ್ನೊಂದು ಗುಣವಿದೆ. ಭರಣಿಗೆ ಬಿದ್ದಾಗ ಅದು ಕೆಲಸ ಮಾಡುತ್ತದೆ. ಮಕರಂದವಿರುವಲ್ಲಿ ಹುದುಗು ಬರಿಸುವ ಸೂಕ್ಷ್ಮಜೀವಿಗಳು ಸಹಜವಾಗಿ ಇರುತ್ತವೆ. ಆಯುರ್ವೇದದ ಆಸವ, ಅರಿಷ್ಟಗಳನ್ನು ತಯಾರಿಸುವಾಗ ಧಾತಕಿ ಹೂವನ್ನು ಹಾಕುವುದು ಹುದುಗು ಎಬ್ಬಿಸಲಿಕ್ಕೇ. ಸಿಹಿ ಹಣ್ಣಿನ ರಸ, ಹೂವಿನ ಎಸಳು, ಮುಚ್ಚಿದ ಬಾಟಲಿ, ಬೆಚ್ಚನೆಯ ಅಡುಗೆಮನೆ: ಈ ನಾಲ್ಕು ಸೇರಿದರೆ ಆಗುವುದು ಉಪ್ಪಿನಕಾಯಿಯೋ ಆಸವವೋ ಎಂದು ಹೇಳುವುದು ಕಷ್ಟ. ಆಶಾಧರರು ಸಂಧಾನವನ್ನು ಮದ್ಯದ ಪಕ್ಕದಲ್ಲಿ ಇಟ್ಟದ್ದರ ಅರ್ಥ ಇಲ್ಲಿ ಕಣ್ಣಿಗೆ ಕಾಣುತ್ತದೆ. ಬಾಟಲಿ ಮುಚ್ಚಳ ತೆಗೆದಾಗ ಬುಸ್ ಎಂದು ಗಾಳಿ ಹೊರಬಂದರೆ, ರಸದಲ್ಲಿ ಗುಳ್ಳೆ ಎದ್ದರೆ, ಅದು ಆಗಲೇ ಚಲಿತರಸ.

ಆರೋಗ್ಯದ ದೃಷ್ಟಿಯಿಂದಲೂ ಮಾತು ಇದೇ ಕಡೆ ಹೋಗುತ್ತದೆ. ಆಮ್ಲದ ಅಳತೆ ಪಿಎಚ್ 4.6ಕ್ಕಿಂತ ಮೇಲಿದ್ದು, ಗಾಳಿಯಾಡದಂತೆ ಮುಚ್ಚಿಟ್ಟ ಪದಾರ್ಥದಲ್ಲಿ ಬೊಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಹುಟ್ಟುವ ಅಪಾಯವಿದೆ. ನಿಂಬೆ, ಮಾವಿನಕಾಯಿ, ಬೆಟ್ಟದ ನೆಲ್ಲಿ ಈ ಮಿತಿಗಿಂತ ಸಾಕಷ್ಟು ಹುಳಿ. ಹೂವಿನ ಎಸಳಲ್ಲಿ ಹುಳಿಯಿಲ್ಲ, ನೀರು ಹೆಚ್ಚು. ಎಸಳು ಸೇರಿಸಿದಷ್ಟೂ ಬಾಟಲಿಯ ಹುಳಿ ತೆಳುವಾಗುತ್ತದೆ.

ಕಣಗಿಲೆ, ದತ್ತೂರ, ಗೌರಿಹೂ ಇವು ವಿಷ. ಅಡುಗೆಗೆ ಹತ್ತಿರವೂ ತರಬಾರದು. ಮಾರುಕಟ್ಟೆಯ ಗುಲಾಬಿ, ಸೇವಂತಿಗೆ ಬೆಳೆಯುವಾಗ ಸಿಂಪಡಿಸುವ ಔಷಧ ತಿನ್ನುವವರನ್ನು ನೆನೆದು ಸಿಂಪಡಿಸಿದ್ದಲ್ಲ. ಇನ್ನು ಬಸದಿಯಲ್ಲಿ ಅರ್ಪಿಸಿದ ಹೂ ನಿರ್ಮಾಲ್ಯ. ಅದನ್ನು ಸೇವಿಸುವಂತೆಯೇ ಇಲ್ಲ.

ಹೂ ಎಂದು ಗೊತ್ತಿಲ್ಲದೆ ಬಳಸುವ ಹೂ

ಲವಂಗ ಒಂದು ಮೊಗ್ಗು. ಮರದಲ್ಲಿ ಅರಳುವ ಮೊದಲೇ ಕಿತ್ತು ಬಿಸಿಲಿನಲ್ಲಿ ಒಣಗಿಸಿದ್ದು. ಅದರ ತಲೆಯ ಗುಂಡಗಿನ ಭಾಗವೇ ಮುಚ್ಚಿದ ಎಸಳುಗಳು. ಜೈನರ ಅಡುಗೆಮನೆಯಲ್ಲಿ ಇದಕ್ಕೆ ಇರುವಷ್ಟು ಮರ್ಯಾದೆ ಬೇರೆ ಯಾವ ಮಸಾಲೆಗೂ ಇಲ್ಲ. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಅದಕ್ಕೆ ಲವಂಗದಂಥ ತೀಕ್ಷ್ಣ ದ್ರವ್ಯ ಹಾಕಿ ಪ್ರಾಸುಕ ಮಾಡಿದರೆ ಎರಡು ಪ್ರಹರ, ಅಂದರೆ 6 ಗಂಟೆ. ಕುದಿಸಿದ ನೀರಿಗೆ 24 ಗಂಟೆ. ಒಣಗಿದ, ಗಟ್ಟಿಯಾದ, ಒಳಗೆ ಹುಳು ಸೇರಲು ಎಡೆಯಿಲ್ಲದ ಈ ಮೊಗ್ಗನ್ನು ಆಕ್ಷೇಪಿಸುವವರು ಅಪರೂಪ. ಹಣ್ಣಿನ ಉಪ್ಪಿನಕಾಯಿಗೆ ಹೂವಿನ ಪರಿಮಳ ಬೇಕೇಬೇಕು ಎನ್ನುವವರಿಗೆ ಇದೇ ಮೊದಲ ಆಯ್ಕೆಯಾಗಬೇಕು.

ಕೇಸರಿಯೂ ಹೂವಿನ ಭಾಗವೇ, ಎಸಳಲ್ಲ, ಹೂವಿನ ನಡುವಿನ ಕೆಂಪು ಎಳೆ. ಇದರಲ್ಲಿ ಕಲಬೆರಕೆ ಜಾಸ್ತಿ. ಉತ್ತರ ಕರ್ನಾಟಕದವರಿಗೆ ಚಿರಪರಿಚಿತವಾದ ಕುಸುಬೆಯ ಒಣ ಹೂವನ್ನೇ ಕೇಸರಿಯೆಂದು ಮಾರುವುದುಂಟು. ಒಂದೆರಡು ಎಳೆಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ನಿಜವಾದ ಕೇಸರಿ ನಿಧಾನವಾಗಿ ಹಳದಿ ಬಣ್ಣ ಬಿಡುತ್ತದೆ, ಎಳೆ ಮಾತ್ರ ಕೆಂಪಾಗಿಯೇ ಉಳಿಯುತ್ತದೆ. ಒಂದು ತುದಿ ಕಹಳೆಯಂತೆ ಅಗಲವಾಗಿರುತ್ತದೆ. ಕುಸುಬೆಯ ಎಳೆ ಬಿಡಿಸಿಕೊಂಡಾಗ ಪುಟ್ಟ ಹೂವೇ ಕಾಣುತ್ತದೆ.

ಹೆಸರಿನಿಂದ ಮೋಸ ಹೋಗುವ ಪದಾರ್ಥಗಳೂ ಇವೆ. ಚಕ್ರಮೊಗ್ಗು ಮೊಗ್ಗಲ್ಲ, ಒಣಗಿದ ಕಾಯಿ. ಜಾಪತ್ರೆ ಎಲೆಯೂ ಅಲ್ಲ, ಹೂವೂ ಅಲ್ಲ, ಜಾಯಿಕಾಯಿಯ ಬೀಜವನ್ನು ಸುತ್ತಿಕೊಂಡ ಕೆಂಪು ಹೊದಿಕೆ. ಇವೆರಡಕ್ಕೆ ಹೂವಿನ ತಕರಾರು ಅನ್ವಯಿಸದು. ಕಲ್ಲುಹೂ ಮಾತ್ರ ಬೇರೆ ಕತೆ. ಬಂಡೆ, ಮರಗಳ ಮೇಲೆ ಬೆಳೆಯುವ ಅದು ಹೂವಲ್ಲ, ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಕಲ್ಲುಪಾಚಿ. ಅಣಬೆಯನ್ನೂ ಪಾಚಿಯನ್ನೂ ಬಿಡುವವರು ಇದನ್ನು ಮಸಾಲೆ ಡಬ್ಬಿಯಲ್ಲಿ ಇಟ್ಟುಕೊಂಡಿರುವುದು ಹೆಸರಿನ ಭ್ರಮೆಯಿಂದಲೇ.

ಒಂದು ದಿನದ ಉಪ್ಪಿನಕಾಯಿ, ಮಾಡುವ ಬಗೆ

ಗಿಣಿಮೂತಿ ಮಾವಿನಕಾಯಿ ಎರಡು, ಸುಮಾರು ಅರ್ಧ ಕಿಲೋ. ಹುಳಿ ಹೆಚ್ಚು ಬೇಕೆನ್ನುವವರು ನಾಟಿ ಕಾಯಿ ತೆಗೆದುಕೊಳ್ಳಬಹುದು. ಸೋಸಿದ ನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಓಟೆಯನ್ನು ಬಿಡಿಸಿ ನೋಡಬೇಕು. ಓಟೆಯೊಳಗೆ ಹುಳು ಕೊರೆದಿದ್ದರೆ ಆ ಕಾಯಿ ಬೇಡ. ಕಡಲೆಕಾಳಿನ ಗಾತ್ರಕ್ಕೆ ಸಣ್ಣಗೆ ಹೆಚ್ಚಬೇಕು, ಏಕೆಂದರೆ ಉಪ್ಪು ಒಂದು ಗಂಟೆಯಲ್ಲೇ ಒಳಗಿಳಿಯಬೇಕು. ಒಂದೂವರೆ ಟೇಬಲ್ ಚಮಚ ಪುಡಿ ಉಪ್ಪು ಬೆರೆಸಿ ಮುಚ್ಚಿಡಿ. ಅಷ್ಟರಲ್ಲಿ ಒಂದು ಚಮಚ ಸಾಸಿವೆ, ಏಳೆಂಟು ಒಣಮೆಣಸು ಬೇರೆ ಬೇರೆ ಹುರಿದು, ಆರಿದ ಮೇಲೆ ಪುಡಿ ಮಾಡಿಕೊಳ್ಳಿ. ಎರಡು ಟೇಬಲ್ ಚಮಚ ಎಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಕಾಯಿಸಿ, ನಾಲ್ಕು ಲವಂಗ ಹಾಕಿ, ಅವು ಉಬ್ಬಿ ಪರಿಮಳ ಬಂದ ಕೂಡಲೇ ಒಲೆ ಆರಿಸಬೇಕು. ಹೊತ್ತಿದರೆ ಕಹಿ. ಎಣ್ಣೆ ಬೆಚ್ಚಗಾದ ಮೇಲೆ ಪುಡಿ, ಹೋಳು ಎಲ್ಲ ಸೇರಿಸಿ ಕಲಸಿದರೆ ಅರ್ಧ ಗಂಟೆಯಲ್ಲಿ ರಸ ಬಿಟ್ಟು ಊಟಕ್ಕೆ ಸಿದ್ಧ. ನಾಲ್ಕೈದು ಜನರ ಮನೆಗೆ ಇದು ಒಂದು ದಿನಕ್ಕೆ ಹೆಚ್ಚೇ ಆಗುತ್ತದೆ. ಅರ್ಧದಷ್ಟು ಮಾಡುವುದೇ ಜಾಣತನ.

ಅನಾನಸ್ಸಿಗೆ ಕೇಸರಿ ಹೊಂದುತ್ತದೆ. ಎರಡು ಬಟ್ಟಲು ಹೋಳಿಗೆ ಅರ್ಧ ಬಟ್ಟಲು ಬೆಲ್ಲ, ಮುಕ್ಕಾಲು ಚಮಚ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ, ಕಾಲು ಚಮಚ ಒಣಶುಂಠಿ. ಹಣ್ಣಿನ ನೀರಿನಲ್ಲೇ ಹತ್ತು ನಿಮಿಷ ಬೇಯಿಸಿ, ಬಿಸಿ ನೀರಿನಲ್ಲಿ ನೆನೆಸಿದ ಎಂಟು-ಹತ್ತು ಎಳೆ ಕೇಸರಿ ಸೇರಿಸಿ ಇಳಿಸಬೇಕು. ಕೊನೆಗೆ ಒಂದು ನಿಂಬೆ. ವಿನೆಗರ್ ಬಳಸುವ ಎಲ್ಲ ಕಡೆ ನಿಂಬೆರಸ ಸಲ್ಲುತ್ತದೆ. ಹುದುಗಿನಿಂದ ಬರುವ ವಿನೆಗರ್ ಮೊದಲು ಮದ್ಯವಾಗಿ ಆಮೇಲೆ ಹುಳಿಯಾದದ್ದು, ಹಾಗಾಗಿ ಅದು ನಮ್ಮ ಅಡುಗೆಗೆ ಹೊರಗು. ಜೇನಿನ ಜಾಗದಲ್ಲಿ ಬೆಲ್ಲ. ಹಣ್ಣು ಆರಿಸುವಾಗ ಅಂಜೂರ ಬೇಡ, ಅದು ಪಂಚ ಉದುಂಬರಗಳ ಗುಂಪಿನದು. ಹಸಿ ಶುಂಠಿಯ ಬದಲು ಒಣಶುಂಠಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೆಂತ್ಯದ ಬಗ್ಗೆ ಒಂದು ಮಾತು. ಮೇಲಿನ ಎರಡು ಬಗೆಯಲ್ಲೂ ಅದನ್ನು ಬಿಟ್ಟಿರುವುದು ಬೇಕೆಂದೇ. ಮೆಂತ್ಯವನ್ನು ದ್ವಿದಳ ಧಾನ್ಯವೆಂದು ಎಣಿಸುವ ಮನೆಗಳಲ್ಲಿ ಅದು ಕಾಯಿಸದ ಹಾಲಿನ ಮೊಸರಿನ ಜೊತೆ ಕೂಡುವಂತಿಲ್ಲ. ಕನ್ನಡಿಗರು ಉಪ್ಪಿನಕಾಯಿಯನ್ನು ಹೆಚ್ಚಾಗಿ ನೆಂಚಿಕೊಳ್ಳುವುದೇ ಮೊಸರನ್ನಕ್ಕೆ. ಸಾಸಿವೆಯಲ್ಲಿ ಎಣ್ಣೆ ಇರುವುದರಿಂದ ಅದು ದ್ವಿದಳದ ಲೆಕ್ಕಕ್ಕೆ ಬರುವುದಿಲ್ಲ.

ಮಾವಿಲ್ಲದ ತಿಂಗಳುಗಳಿಗೆ

ವರ್ಷದ ಭರಣಿ ಬಿಟ್ಟವರಿಗೆ ಮಾವಿನ ಕಾಲ ಮುಗಿದ ಮೇಲೆ ಏನು ಗತಿ ಎಂಬ ಚಿಂತೆ ಸಹಜ. ಉಪ್ಪಿನಕಾಯಿಯನ್ನು ಕೂಡಿಡುವ ಬದಲು ಕಾಯಿಯನ್ನು ಒಣಗಿಸಿ ಕೂಡಿಡಬಹುದು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ತೆಳ್ಳಗೆ ಸೀಳಿದ ಮಾವಿನ ಹೋಳನ್ನು ತೆಳು ಬಟ್ಟೆ ಮುಚ್ಚಿ, ಸಂಜೆ ಒಳಗೆ ತಂದು, ಮೂರು-ನಾಲ್ಕು ದಿನ ಒಣಗಿಸಬೇಕು. ಮುರಿದರೆ ಪಟ್ಟೆಂದು ತುಂಡಾಗಬೇಕು. ಬಾಗಿದರೆ ಇನ್ನೂ ನೀರಿದೆ. ಬೆಟ್ಟದ ನೆಲ್ಲಿಗೂ ಇದೇ ಕ್ರಮ, ಚಳಿಗಾಲದ ಬಿಸಿಲಾದ್ದರಿಂದ ದಿನ ಹೆಚ್ಚು ಬೇಕು. ಮಸಾಲೆ, ಎಣ್ಣೆ ಏನನ್ನೂ ಸೇರಿಸದೆ ಒಣ ಡಬ್ಬಿಯಲ್ಲಿ ಇಟ್ಟರೆ, ಬೇಕಾದ ದಿನ ಹಿಡಿಯಷ್ಟನ್ನು ಬೆಳಕಿನಲ್ಲಿ ಆರಿಸಿ, ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಲವಂಗದ ಎಣ್ಣೆಯಲ್ಲಿ ಮೇಲಿನಂತೆಯೇ ಕಲಸಬಹುದು. ಅಷ್ಟಮಿ, ಚತುರ್ದಶಿಯಂದು ಹಸಿರು ಬಿಡುವವರಿಗೂ ಇದು ಅನುಕೂಲ.

ಮಳೆ ಹಿಡಿದ ಮೇಲೆ ಡಬ್ಬಿಯನ್ನು ವಾರಕ್ಕೊಮ್ಮೆ ತೆರೆದು ನೋಡಬೇಕು. ಹೋಳು ಮೆತ್ತಗಾಗಿದ್ದರೆ, ಅಂಚಿನಲ್ಲಿ ಬಿಳಿ ಕಂಡರೆ, ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಪ್ರಯತ್ನ ಬೇಡ. ಚಾತುರ್ಮಾಸಕ್ಕೆ ಮೊದಲೇ ಖಾಲಿಯಾಗುವಷ್ಟು ಮಾತ್ರ ಒಣಗಿಸುವ ಮನೆಗಳಿಗೆ ಈ ತೊಂದರೆಯೇ ಬರುವುದಿಲ್ಲ. ಆಮೇಲಿನ ತಿಂಗಳುಗಳಿಗೆ ನಿಂಬೆ ಹೇಗೂ ವರ್ಷವಿಡೀ ಸಿಗುತ್ತದೆ.